ಮುಷ್ಕರದವನ ಹತ್ತು ಕಿಲೋಮೀಟರ್

ಓಡುವುದು ಬಹಳ ಸರಳ ಕೆಲಸ ಎಂದು ಜನ ಹೇಳುತ್ತಾರೆ. ಒಂದು ಕಾಲು ಮುಂದಿಡು, ಅದರ ಮುಂದೆ ಇನ್ನೊಂದು ಇಡು, ಮುಗಿಯಿತು. ಬೇರೆಯವರಿಗೆ ಹಾಗೇ ಇರಬಹುದು. ನಾನು ಓಡಲು ಹೊರಟರೆ ಮಾತ್ರ ನಡುವೆ ಏನಾದರೊಂದು ಬಂದೇ ಬರುತ್ತದೆ. ಬಾರದ ದಿನವನ್ನು ನಾನಿನ್ನೂ ಕಂಡಿಲ್ಲ.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೈದರಾಬಾದಿನ ನಾಚಾರಂನಲ್ಲಿ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವನು. ದುಡಿದದ್ದಕ್ಕಿಂತ ಹೆಚ್ಚು ಯೂನಿಯನ್ ಕೆಲಸ ಮಾಡಿದವನು. ಈಗ ನಿವೃತ್ತ. ನಮ್ಮ ಹಿರಿಯರು ರಾಯಚೂರು ಕಡೆಯಿಂದ ಬಂದವರು. ಶಾಲೆಯಲ್ಲಿ ಹೆಚ್ಚು ಓದಲಿಲ್ಲ. ಕಾರ್ಮಿಕ ಕಾನೂನನ್ನು ಅಬಿಡ್ಸ್‌ನ ಫುಟ್‌ಪಾತಿನ ಮೇಲೆ ಭಾನುವಾರ ಹರವಿಡುವ ಹಳೆಯ ಪುಸ್ತಕಗಳಿಂದ ಕಲಿತೆ. ನನಗೆ ಸಿಕ್ಕ ಪುಸ್ತಕದ ಹಿಂದಿನ ಅರ್ಧ ಹರಿದು ಹೋಗಿತ್ತು. ನಮ್ಮ ಪರ್ಸನಲ್ ಮ್ಯಾನೇಜರ್ ಸಾಹೇಬರು ಯಾವಾಗಲೂ ಅನ್ನುತ್ತಿದ್ದರು: "ಹಕ್ಕಿನ ಭಾಗ ಉಳದಿತ್ತು, ಕರ್ತವ್ಯದ ಭಾಗ ಹರದಿತ್ತು. ಅದಕ್ಕ ಈ ಮನಷ್ಯಾ ಹಿಂಗ."

ನಡಿಗೆಯ ಲೆಕ್ಕ

ಮೈಯಲ್ಲಿ ಸಕ್ಕರೆ ಏರಿದೆ ಎಂದು ಗೊತ್ತಾದ ದಿನ ನಮ್ಮ ಓಣಿಯ ಡಾಕ್ಟರಮ್ಮನ ಮುಂದೆ ಕೂತಿದ್ದೆ. ಅವರು ಬೀದರ್ ಕಡೆಯವರು. ಹೊರಗೆ ಕೂತ ರೋಗಿಗಳೊಂದಿಗೆ ತೆಲುಗು, ಹಿಂದಿ; ನನ್ನೊಂದಿಗೆ ಮಾತ್ರ ಕನ್ನಡ.

"ದಿನಾ ನಡೀಬೇಕ್ರಿ," ಎಂದರು.

"ನಡಿಯೋದು ನನಗ ಹೇಳಬ್ಯಾಡ್ರಿ ಮೇಡಂ. ಮೂವತ್ತು ವರ್ಷ ಮೆರವಣಿಗ್ಯಾಗ ಎಲ್ಲಾರಕಿಂತ ಮುಂದ ನಡದೀನಿ."

"ಹೌದಾ? ಎಲ್ಲಿಂದ ಎಲ್ಲಿಗೆ?"

"ಕಾರ್ಖಾನಿ ಗೇಟಿನಿಂದ ಲೇಬರ್ ಆಫೀಸಿನ ತನಕ."

"ಎಷ್ಟೊತ್ತು ನಡೀತಿದ್ರಿ?"

"ಮುಂಜಾನೆ ಹೊಂಟ್ರ ಸಂಜೀತನ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಷ್ಟು ಹಾದಿಗೆ ಇಡೀ ದಿನಾನಾ?"

"ಚೌಕ ಚೌಕದಾಗ ನಿಂತು ಭಾಷಣ ಮಾಡಬೇಕಲ್ರಿ."

"ಅದು ನಡಿಯೋದಲ್ರಿ, ನಿಲ್ಲೋದು. ನೀವು ಮೂವತ್ತು ವರ್ಷ ನಿಂತೀರಿ. ಇನ್ನ ಓಡ್ರಿ."

ಔಷಧ ಚೀಟಿ ಬರೆದುಕೊಟ್ಟರು. ಊಟಕ್ಕೆ ಮೊದಲು, ಊಟದ ನಂತರ ಎಂದು ಬರೆಯುವ ಜಾಗದಲ್ಲಿ, ಓಟ ಎಂಬ ಶಬ್ದದ ಪಕ್ಕಕ್ಕೆ, ದಪ್ಪ ಅಕ್ಷರದಲ್ಲಿ ಬರೆದಿದ್ದರು: ಭಾಷಣ ಇಲ್ಲದೆ.

ಬಾಯಿಮಾತಿನ ಮೆಮೊ

ಮೊದಲ ದಿನ ಪಾರ್ಕಿಗೆ ಹೋದೆ. ಎದುರಿಗೆ ಚಡ್ಡಿ ಹಾಕಿಕೊಂಡು ಓಡಿ ಬರುತ್ತಿದ್ದವರು ಯಾರು? ಅದೇ ಪರ್ಸನಲ್ ಮ್ಯಾನೇಜರ್ ಸಾಹೇಬರು. ಅವರೂ ನಿವೃತ್ತರಾಗಿ ನಮ್ಮ ಬಡಾವಣೆಗೇ ಬಂದು ಮನೆ ಮಾಡಿದ್ದರು. ಮೂವತ್ತು ವರ್ಷ ಟೈ ಇಲ್ಲದೆ ನೋಡಿರದ ಮನುಷ್ಯನ ಮೊಣಕಾಲು ನೋಡಬೇಕಾಯಿತು.

ಸಾಹೇಬರು ಧಾರವಾಡದ ಕಡೆಯವರು. ಇದೊಂದು ವಿಷಯ ನಮ್ಮ ಮಾತುಕತೆಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತಿತ್ತು. ಕೋಣೆಯಲ್ಲಿ ಉಳಿದವರೆಲ್ಲ ತೆಲುಗಿನವರು, ಹಿಂದಿಯವರು. ಒಪ್ಪಂದ ಬಿಗಡಾಯಿಸಿದಾಗ ನಾವಿಬ್ಬರೂ ಕನ್ನಡಕ್ಕೆ ತಿರುಗುತ್ತಿದ್ದೆವು.

"ನೀವು ಭಾಳ ಕಳ್ಳ ಅದೀರಿ," ಎಂದು ನಾನು ಸಮಾಧಾನದಿಂದ ಹೇಳುತ್ತಿದ್ದೆ.

"ನಿಮ್ಮಷ್ಟೇನಿಲ್ಲ ಬಿಡ್ರಿ," ಎಂದು ಅವರೂ ಅಷ್ಟೇ ಸಮಾಧಾನದಿಂದ ಹೇಳುತ್ತಿದ್ದರು.

ನಡುವೆ ಮಾಲಕರು, "ಕ್ಯಾ ಬೋಲ್ ರಹೇ ಹೈಂ?" ಎಂದು ಕೇಳಿದರೆ, "ಏಕ್ ದೂಸರೇ ಕೀ ತಬಿಯತ್ ಪೂಛ್ ರಹೇ, ಸರ್," ಒಬ್ಬರ ಆರೋಗ್ಯ ಒಬ್ಬರು ವಿಚಾರಿಸುತ್ತಿದ್ದೇವೆ ಎಂದು ಸಾಹೇಬರು ಉತ್ತರಿಸುತ್ತಿದ್ದರು. ಮಾಲಕರಿಗೆ ಬಹಳ ಸಂತೋಷ. ಇಬ್ಬರಲ್ಲೂ ಎಷ್ಟು ಅದಬು, ಮರ್ಯಾದೆ ಇದೆ ಎಂದು ಮೆಚ್ಚಿಕೊಂಡು ಚಹಾ ತರಿಸುತ್ತಿದ್ದರು.

ಪಾರ್ಕಿನಲ್ಲಿ ಸಾಹೇಬರು ಆ ಓಟದ ಮಾತು ತೆಗೆದರು. ಪ್ರತಿ ಚಳಿಗಾಲದಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ ಹತ್ತು ಕಿಲೋಮೀಟರ್ ಓಟ. ಬಂದ ಹಣ ಬಡ ಮಕ್ಕಳ ಹೃದಯದ ಆಪರೇಷನ್ನಿಗೆ. ಕೇಳಿದ ಕೂಡಲೇ ನನಗೆ ಸಿಟ್ಟು ಬಂತು.

"ಮಕ್ಕಳ ಎದಿ ರಿಪೇರಿ ಮಾಡಸೋದು ಸರ್ಕಾರದ ಕೆಲಸ. ಅದಕ್ಕ ನಾವು ಮುದುಕರು ಯಾಕ ಓಡಬೇಕ್ರಿ?"

"ಸರ್ಕಾರ ಓಡಾಂಗಿಲ್ಲಲ್ರಿ, ಅದಕ್ಕ," ಎಂದರು ಸಾಹೇಬರು. ಆಮೇಲೆ ಹಣೆ ಒರೆಸಿಕೊಳ್ಳುತ್ತ, "ಹೋದ ವರ್ಷ ನಾ ಒಂದು ತಾಸಿನೊಳಗ ಮುಗಿಸೀನಿ. ಅದು ಶಿಸ್ತಿನ ಮಾತು. ನಿಮಗಾಗಂಗಿಲ್ಲ. ನಿಮಗ ಕೆಲಸ ನಿಲ್ಲಸೋದು ಗೊತ್ತೈತಿ, ಮುಗಸೋದು ಗೊತ್ತಿಲ್ಲ," ಎಂದು ಹೇಳಿ ಓಡಿ ಹೋದರು.

ಆ ಮನುಷ್ಯ ನನಗೆ ಕೊಟ್ಟ ಮೆಮೊಗಳಿಗೆ ಲೆಕ್ಕವಿಲ್ಲ. ಒಂದಕ್ಕೂ ನಾನು ನಿದ್ದೆ ಕೆಡಿಸಿಕೊಂಡವನಲ್ಲ. ಈ ಬಾಯಿಮಾತಿನ ಮೆಮೊಗೆ ಮಾತ್ರ ಮರುದಿನವೇ ಹೋಗಿ ಬೂಟು ಕೊಂಡುಕೊಂಡೆ. ಹತ್ತು ಕಿಲೋಮೀಟರ್, ಒಂದು ತಾಸಿನೊಳಗೆ. ಸಾಯುವುದರೊಳಗೆ ಒಂದು ಸಲ.

ಉಲ್ಟಾ ಅಂಗಿ

ಮೊದಲ ವರ್ಷ ಓಟಕ್ಕೆ ಹೆಸರು ಕೊಟ್ಟೆ. ಓಡುವವರಿಗೆಲ್ಲ ಒಂದೊಂದು ಟೀ ಶರ್ಟ್ ಕೊಟ್ಟರು. ಬಿಚ್ಚಿ ನೋಡಿದರೆ ಬೆನ್ನ ತುಂಬ ಕಂಪನಿಗಳ ಹೆಸರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದ್ದ ಹೆಸರು, ಒಂದು ಬೇಸಿಗೆಯಿಡೀ ನಾವು ಯಾರ ಗೇಟಿನ ಮುಂದೆ ಚಪ್ಪರ ಹಾಕಿ ಕೂತಿದ್ದೆವೋ ಅವರದ್ದು! ಕೂಲಿ ಕೊಡದವರು ಈಗ ಮಕ್ಕಳ ಎದೆಗೆ ಮರುಗುತ್ತಿದ್ದಾರೆ.

ನಾನು ಅಂಗಿಯನ್ನು ಉಲ್ಟಾ ಹಾಕಿಕೊಂಡೆ. ಹೆಸರು ಒಳಗೆ, ಹೊಲಿಗೆ ಹೊರಗೆ.

ಓಟ ಶುರುವಾಯಿತು. ಹಿಂದಿನಿಂದ ಒಬ್ಬ ಹುಡುಗ ಬಂದು, "ಅಂಕಲ್, ಉಲ್ಟಾ ಪೆಹನ್ ಲಿಯೇ," ಎಂದ. ಗೊತ್ತಿದೆಯಪ್ಪಾ, ಬೇಕೆಂದೇ ಹಾಕಿದ್ದೇನೆ, ಯಾಕೆಂದರೆ ಎಂದು ಶುರು ಮಾಡಿ, ಅವನ ಪಕ್ಕದಲ್ಲೇ ಓಡುತ್ತ ಆ ಬೇಸಿಗೆಯ ಕಥೆಯನ್ನೆಲ್ಲ ಹೇಳಿದೆ. ಅವನು ಪಾಪ ವೇಗ ಹೆಚ್ಚಿಸಿದ. ಆಮೇಲೆ ಒಬ್ಬ ಹೆಣ್ಣುಮಗಳು ಕಿವಿಯಿಂದ ಇಯರ್‌ಫೋನ್ ಕಿತ್ತು ಅದನ್ನೇ ಹೇಳಿದಳು. ಆಕೆಗೂ ಕಥೆ ಹೇಳಿದೆ. ಆಕೆ ಇಯರ್‌ಫೋನ್ ಮತ್ತೆ ಸಿಕ್ಕಿಸಿಕೊಂಡಳು. ರಸ್ತೆ ಬದಿಯ ಟ್ರಾಫಿಕ್ ಪೊಲೀಸನೂ ಸೀಟಿ ಊದಿ ನನ್ನ ಬೆನ್ನು ತೋರಿಸಿದ. ಅವನಿಗಂತೂ ನಿಂತೇ ಹೇಳಿದೆ.

ಕೊನೆಗೆ ಸಾಹೇಬರು ಪಕ್ಕಕ್ಕೆ ಬಂದರು. "ಅಂಗಿ ಉಲ್ಟಾ ಆಗೇತ್ರಿ."

"ಬೇಕಂತಲೇ ಹಾಕೀನಿ! ಆ ಕಂಪನಿ ಹೆಸರು ನನ್ನ ಬೆನ್ನ ಮ್ಯಾಲೆ ಹೊರಾಂಗಿಲ್ಲ!"

"ಹೌದೇನು? ಮತ್ತ ಕಾಣಾಕತ್ತೈತೆಲ್ರಿ," ಎಂದು ಹೇಳಿ ಮುಂದೆ ಹೋದರು.

ಗುರಿ ಮುಟ್ಟಿದ ಮೇಲೆ ಅಂಗಿ ಕಳಚಿ ನೋಡಿದೆ. ಬೆವರಿಗೆ ಒದ್ದೆಯಾಗಿ ಬಟ್ಟೆ ತೆಳ್ಳಗಾಗಿ, ಒಳಗಿದ್ದ ಹೆಸರು ಹೊರಗೆ ಢಾಳಾಗಿ ಎದ್ದು ನಿಂತಿತ್ತು. ಕಾರ್ಮಿಕನ ಬೆವರಿನಿಂದ ಕಂಪನಿಯ ಹೆಸರು ಬೆಳಗಿದ್ದು ಇದೇ ಮೊದಲ ಸಲವೇನೂ ಅಲ್ಲ. ತಾಸು ಮಾತ್ರ ಎಂದೋ ಮೀರಿ ಹೋಗಿತ್ತು.

ಎರಡೇ ಮಾತು

ಮರುವರ್ಷ ಇನ್ನೊಂದು ತಪ್ಪಾಯಿತು. ಓಡುವ ವಿಷಯವನ್ನು ಯೂನಿಯನ್ ಗೆಳೆಯರಿಗೆ ಹೇಳಿಬಿಟ್ಟೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮೆರವಣಿಗೆ ಬಂದಾಗ ಲೀಡರ್ ಚೌಕವನ್ನು ಸುಮ್ಮನೆ ದಾಟಿ ಹೋಗುವ ಹಾಗಿಲ್ಲ. ಅಲ್ಲಿಯ ಜನ ಹಾರ ಹಾಕಬೇಕು, ಹಾರ ಹಾಕಿಸಿಕೊಂಡವನು ಎರಡು ಮಾತಾಡಬೇಕು. ಹಾಗೆ ಮಾಡದೆ ಹೋದರೆ ಆ ಚೌಕದವರು ಮುಂದಿನ ಮುಷ್ಕರಕ್ಕೆ ಬರುವುದಿಲ್ಲ.

ಅರ್ಧ ಹಾದಿ ಮುಗಿದಿತ್ತು. ಚೆನ್ನಾಗಿ ಓಡುತ್ತಿದ್ದೆ. ತಿರುವಿನಲ್ಲಿ ನೋಡಿದರೆ ನಮ್ಮವರು! ಬಾಡಿಗೆ ಆಟೊ, ಅದರ ಮೇಲೆ ಸ್ಪೀಕರ್, ಚೆಂಡುಹೂವಿನ ಹಾರ, ಒಂದು ತೆಂಗಿನಕಾಯಿ. ನನ್ನನ್ನು ಕಂಡದ್ದೇ ಜಿಂದಾಬಾದ್ ಶುರುವಾಯಿತು. ಹಾರ ಕೊರಳಿಗೆ ಬಿತ್ತು. ಮೈಕು ಬಾಯಿಗೆ ಬಂತು.

"ನಕ್ಕೋ ಭಾಯಿ, ಬ್ಯಾಡ! ಟೈಮ್ ಹೋಗಾಕತ್ತೈತಿ!"

"ಎರಡೇ ಮಾತು ಲೀಡರ್. ಜನಾ ನಿಂತಾರ."

ತಿರುಗಿ ನೋಡಿದೆ. ನಿಜವಾಗಿಯೂ ಜನ ನಿಂತಿದ್ದರು. ಓಡುತ್ತಿದ್ದವರೇ ಹತ್ತಾರು ಮಂದಿ, ಏನೋ ಕಾರ್ಯಕ್ರಮವಿದೆ ಎಂದು ನಿಂತು ಕಾಯುತ್ತಿದ್ದರು. ನಿಂತ ಜನರಿಗೆ ಮಾತಾಡದೆ ಹೋಗುವುದು ನನ್ನ ಜನ್ಮದಲ್ಲಿ ಸಾಧ್ಯವಿಲ್ಲ. ಎರಡು ಮಾತಾಡಿದೆ. ನನ್ನ ಎರಡು ಮಾತು ಎಂದೂ ಎರಡಕ್ಕೆ ನಿಂತಿಲ್ಲ. ಸರ್ಕಾರಿ ಆಸ್ಪತ್ರೆಗಳ ವಿಷಯಕ್ಕೆ ಬರುವ ಹೊತ್ತಿಗೆ ಡೊಳ್ಳು ಹೊಟ್ಟೆಯ ಮುದುಕರು ಕೂಡ ನನ್ನನ್ನು ದಾಟಿ ಹೋಗಿದ್ದರು.

ಹಾರ ತೆಗೆಯಲು ಗೆಳೆಯರು ಬಿಡಲಿಲ್ಲ. ಹಾರದ ಸಮೇತ ಓಡಿದೆ. ಗುರಿಯ ಬಳಿ ಪದಕಗಳ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ನನ್ನ ಕೊರಳು ನೋಡಿ, ಇವರೇ ಮುಖ್ಯ ಅತಿಥಿಗಳು ಎಂದು ತಟ್ಟೆಯನ್ನು ನನ್ನ ಪಕ್ಕಕ್ಕೆ ಹಿಡಿದು, "ಪ್ಲೀಸ್ ಸರ್," ಎಂದಳು. ಅತಿಥಿ ಬರಲೆಂದು, ಮೊದಲೇ ಓಡಿ ಮುಗಿಸಿದವರೆಲ್ಲ ಎದುರಿಗೆ ಸಾಲಾಗಿ ಕಾದು ನಿಂತಿದ್ದರು. ನಾನು ಒಬ್ಬೊಬ್ಬರಿಗೇ ಪದಕ ಹಾಕುತ್ತ ಹೋದೆ. ಸಾಲಿನಲ್ಲಿ ಸಾಹೇಬರೂ ಬಂದರು.

ಮೂವತ್ತು ವರ್ಷ ಬೋನಸ್ಸಿಗಾಗಿ ನಾನು ಅವರ ಮುಂದೆ ಕೈ ಚಾಚಿದ್ದೆ. ಅಂದು ಅವರು ನನ್ನ ಮುಂದೆ ಕತ್ತು ಚಾಚಿದರು.

ಜೀಪಿನ ದಾಖಲೆ

ಮಿಯಾಪುರದಲ್ಲಿರುವ ಮಗಳು ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಜೇಬಿನಲ್ಲಿಟ್ಟುಕೊಂಡು ಓಡಿದರೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಅದೇ ಬರೆದುಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಆದ ಕೂಡಲೇ ಪಾರ್ಕಿನ ಗುಂಪಿನವರಿಗೆಲ್ಲ ಕಾಣುವಂತೆ ಅದೇ ಕಳಿಸುತ್ತದೆ.

ನಮ್ಮ ಊರಿನ ಇನ್ನೊಂದು ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ದೊಡ್ಡವರು ಯಾರಾದರೂ ಬರುವ ದಿನ ನಮ್ಮಂಥವರನ್ನು ಮುಂಜಾನೆಯೇ ಕರೆದುಕೊಂಡು ಹೋಗಿ ಠಾಣೆಯಲ್ಲಿ ಕೂಡಿಸಿ, ಸಂಜೆ ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ. ಏನೂ ಮಾಡದಿದ್ದರೂ ಮಾಡಿಯಾನು ಎಂಬ ಗೌರವ. ನಿವೃತ್ತನಾದ ಮೇಲೆ ನನ್ನನ್ನು ಮರೆತಿದ್ದಾರೆ ಎಂದುಕೊಂಡಿದ್ದೆ. ಸ್ವಲ್ಪ ಬೇಸರವೂ ಇತ್ತು.

ಒಂದು ಮುಂಜಾನೆ ಬಡಾವಣೆಯ ರಸ್ತೆಯಲ್ಲಿ ಓಡುತ್ತಿದ್ದೆ. ಪಕ್ಕಕ್ಕೆ ಜೀಪು ಬಂತು. ಹಳೇ ಪರಿಚಯದ ಕಾನ್‌ಸ್ಟೇಬಲ್. "ರಾ ಅನ್ನಾ, ಜೀಪ್ ಎಕ್ಕು," ಎಂದ, ಬಾ ಅಣ್ಣಾ, ಹತ್ತು ಎಂದು. ಅಂದು ಮಂತ್ರಿಗಳೊಬ್ಬರು ಬರುವವರಿದ್ದರು.

"ನಾನು ಪ್ರಾಕ್ಟೀಸ್ ಮಾಡ್ತಿದ್ದೇನಪ್ಪಾ, ಬಿಡು," ಎಂದು ತೆಲುಗಿನಲ್ಲೇ ಹೇಳಿದೆ.

"ಪ್ರಾಕ್ಟೀಸ್ ದೇನಿಕಿ ಅನ್ನಾ?" ಎಂದ. ಯಾತಕ್ಕೆ ಪ್ರಾಕ್ಟೀಸು ಎಂದು ಅವನ ಅನುಮಾನ ಇನ್ನೂ ಹೆಚ್ಚಾಯಿತು. ಕೈ ಹಿಡಿದು ಹತ್ತಿಸಿಕೊಂಡ.

ಹತ್ತಿರದ ಠಾಣೆ ಆಗಲೇ ನಮ್ಮಂಥವರಿಂದ ತುಂಬಿತ್ತು. ಹಾಗಾಗಿ ದೂರದ ಠಾಣೆಗೆ ಒಯ್ದರು. ಅಲ್ಲಿ ಫೋನು ಇಸಿದುಕೊಂಡು ಮೇಜಿನ ಮೇಲಿಟ್ಟರು. ಸಂಜೆ ಚಹಾ ಕುಡಿದು, ಫೋನು ತೆಗೆದುಕೊಂಡು ಹೊರಗೆ ಬಂದು ನೋಡಿದರೆ ಗುಂಪಿನ ತುಂಬ ಹೂವು, ಚಪ್ಪಾಳೆ, ಅಭಿನಂದನೆ. ಅಷ್ಟರಲ್ಲಿ ಸಾಹೇಬರ ಫೋನ್ ಬಂತು. 

"ಏನ್ರಿ ಇದು! ಹತ್ತು ಕಿಲೋಮೀಟರ್ ಇಷ್ಟು ಲಗೂ ಓಡೀರಿ?"

"ಓಡಿಲ್ರಿ. ಕೂತೀನಿ."

"ಕೂತು ಓಡಿದ್ರಾ?"

"ಹಿಂದಿನ ಸೀಟಿನಾಗ. ಎಡಕ್ಕೊಬ್ಬ, ಬಲಕ್ಕೊಬ್ಬ ಪೊಲೀಸ್."

ಸಾಹೇಬರು ಬಹಳ ಹೊತ್ತು ನಕ್ಕರು. ಅವರ ಎದೆಯ ಮೇಲಿನ ಕಲ್ಲು ಇಳಿದದ್ದು ಫೋನಿನಲ್ಲೇ ಕೇಳಿಸಿತು. ಸುಳ್ಳು ಹೊಗಳಿಕೆ ನನಗೆ ಬೇಡ. ಗುಂಪಿನಲ್ಲಿ ಬರೆದೆ: ಈ ದಾಖಲೆ ನನ್ನದಲ್ಲ, ಪೊಲೀಸ್ ಇಲಾಖೆಯದು.

ಆದರೆ ಆ ಆ್ಯಪಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ? ನಿಮ್ಮ ಅತ್ಯುತ್ತಮ ಓಟವನ್ನು ಇಂದು ಮೀರಿಸುವಿರಾ ಎಂದು ಈಗಲೂ ಅದು ದಿನಾ ಬೆಳಿಗ್ಗೆ ಕೇಳುತ್ತದೆ. ಮೀರಿಸಬೇಕೆಂದರೆ ಮಂತ್ರಿಗಳು ಮತ್ತೊಮ್ಮೆ ಬರಬೇಕು.

ಗೆರೆ

ಮೂರನೆಯ ವರ್ಷ ಯಾವುದಕ್ಕೂ ಎಡೆ ಕೊಡಬಾರದೆಂದು ನಿರ್ಧರಿಸಿದೆ. ನನ್ನ ಸ್ವಂತ ಬಿಳಿ ಬನಿಯನ್ ಹಾಕಿಕೊಂಡೆ. ಗೆಳೆಯರಿಗೆಲ್ಲ ಆಣೆ ಹಾಕಿಸಿದೆ: ಹಾರವಿಲ್ಲ, ಮೈಕಿಲ್ಲ, ನೀವೇ ಇಲ್ಲ. ಅಂದು ಊರಿಗೆ ಯಾವ ಮಂತ್ರಿಯೂ ಬರುತ್ತಿಲ್ಲ ಎಂದು ಆ ಕಾನ್‌ಸ್ಟೇಬಲನನ್ನೇ ಕೇಳಿ ಖಾತ್ರಿ ಮಾಡಿಕೊಂಡೆ. ಫೋನು ಮನೆಯಲ್ಲೇ ಬಿಟ್ಟೆ. ಮನೆಯಾಕೆಗೆ, "ಗೆರಿ ದಾಟಿದ ಮ್ಯಾಲೆ ಮಜ್ಜಿಗಿ ಕೊಡು, ಅದಕಿಂತ ಮೊದಲ ಕರೀಬ್ಯಾಡ," ಎಂದು ಹೇಳಿದ್ದೆ. ಮೂವತ್ತು ವರ್ಷದಲ್ಲಿ ನನ್ನ ಒಂದು ಧರಣಿಗೂ ಬಾರದ ಹೆಂಗಸು, ಓಟಕ್ಕೆ ಮಾತ್ರ ಸ್ಟೀಲಿನ ಡಬ್ಬಿ ಹಿಡಿದು ಬಂದಳು.

ಶುರುವಿನಲ್ಲಿ ಸಾಹೇಬರು ಪಕ್ಕದಲ್ಲೇ ನಿಂತಿದ್ದರು.

"ಈ ಸಲಾನಾದ್ರೂ?"

"ಈ ಸಲ ಮುಗಸ್ತೀನಿ. ನೋಡ್ರಿ ನೀವು."

ಓಡಿದೆ. ಕೆರೆಯ ಮೇಲೆ ಮಂಜು ಇತ್ತು. ಆ ನೀರಿನ ವಾಸನೆ ಎಲ್ಲರಿಗೂ ಗೊತ್ತು, ಅಂದು ಅದೂ ಚೆನ್ನಾಗಿತ್ತು. ಯಾರಿಗೂ ಏನೂ ಹೇಳಲಿಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಹಾಗೆ, ಭಾಷಣವಿಲ್ಲದೆ ಓಡಿದೆ. ತಿರುವಿನ ಬಳಿ ಸಾಹೇಬರನ್ನು ಹಿಂದೆ ಹಾಕಿದೆ. ಅವರು ನೋಡಿದರು, ನಾನು ನೋಡಲಿಲ್ಲ. ಕೊನೆಯ ನೇರ ರಸ್ತೆಗೆ ಬಂದಾಗ ದೂರದಲ್ಲಿ ಕಮಾನು ಕಂಡಿತು, ಅದರ ಮೇಲೆ ಕೆಂಪು ಅಂಕಿಗಳ ದೊಡ್ಡ ಗಡಿಯಾರ. ಕಮಾನಿನ ಕೆಳಗೆ ನೆಲದ ಮೇಲೆ ರಬ್ಬರ್ ಪಟ್ಟಿ ಹಾಸಿರುತ್ತಾರೆ. ಅದರ ಮೇಲೆ ಕಾಲಿಟ್ಟ ಕ್ಷಣ ನಮ್ಮ ವೇಳೆ ದಾಖಲಾಗುತ್ತದೆ. ನಾವು ಗೆರೆ ಎನ್ನುವುದು ಅದನ್ನೇ. ತಾಸು ತುಂಬಲು ಇನ್ನೂ ಎರಡು ನಿಮಿಷ ಇತ್ತು. ನನಗೆ ಅರ್ಧ ನಿಮಿಷ ಸಾಕಾಗಿತ್ತು.

ಹತ್ತಿರ ಹೋದೆ. ಗೆರೆಯ ಮೇಲೆ ಆಗಷ್ಟೇ ಕುರ್ಚಿ ಹಾಕಿದ್ದರು.

ಕುರ್ಚಿಗಳ ಮೇಲೆ ದುಡ್ಡು ಕೊಟ್ಟ ಕಂಪನಿಗಳ ದೊಡ್ಡವರು. ಮಂತ್ರಿಯಲ್ಲದ ಒಬ್ಬ ಮುಖಂಡರೂ ಬಂದಿದ್ದರು. ಶಾಲು ಹೊದಿಸುವ ಕಾರ್ಯಕ್ರಮ ನಡೆದಿತ್ತು. ನಮ್ಮ ಊರಿನಲ್ಲಿ ಶಾಲಿಲ್ಲದೆ ಯಾವುದೂ ಶುರುವಾಗುವುದಿಲ್ಲ, ಮುಗಿಯುವುದೂ ಇಲ್ಲ. ಪಕ್ಕದಲ್ಲೇ ವೇದಿಕೆ ಇತ್ತು. ಆದರೆ ಕಮಾನಿನ ಕೆಳಗೆ ಫೋಟೊ ಚೆನ್ನಾಗಿ ಬರುತ್ತದಂತೆ! ಸ್ವಯಂಸೇವಕರು ಕೈಗೆ ಕೈ ಹಿಡಿದು ಕುರ್ಚಿಗಳ ಮುಂದೆ ಅಡ್ಡ ನಿಂತಿದ್ದರು. ಮೈಕಿನವನು, "ದೋ ಮಿನಿಟ್, ರನ್ನರ್ಸ್, ಬಸ್ ದೋ ಮಿನಿಟ್," ಎನ್ನುತ್ತಿದ್ದ.

ನನ್ನ ಒಳಗೆ ಏನೋ ಒಂದು ತಾನೇ ತಾನಾಗಿ ಚಾಲೂ ಆಯಿತು. ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಡ್ಡ ನಿಂತ ಸಾಲು, ಅದರ ಹಿಂದೆ ಕುರ್ಚಿ, ಕುರ್ಚಿಯ ಮೇಲೆ ಮಾಲಕರು, ಅವರ ಹೆಗಲ ಮೇಲೆ ಶಾಲು. ಇಷ್ಟು ಒಟ್ಟಿಗೆ ಕಂಡರೆ ನನ್ನ ಮೊಣಕಾಲು ತಾವೇ ಮಡಚಿಕೊಳ್ಳುತ್ತವೆ.

ರಸ್ತೆಯ ನಡುವೆ ಕೂತೆ. ಕೈ ಮೇಲೆತ್ತಿದೆ.

"ಕೂಡ್ರಿ! ಬೈಠೋ! ಕೂರ್ಚೋಂಡಿ!"

ಹಿಂದೆ ಓಡಿ ಬಂದವರು ಕೂತರು. ಕಾರ್ಖಾನೆಯ ದಿನಗಳಲ್ಲೇ ಇದು ನನಗೆ ತಿಳಿದಿತ್ತು, ಧರಣಿಯ ಕರೆಯನ್ನು ಪಾಳಿ ಮುಗಿಯುವ ಹೊತ್ತಿಗೆ ಕೊಡಬೇಕು. ದಣಿದವರು ಕೂಡಲು ಕಾರಣ ಕೇಳುವುದಿಲ್ಲ. ನೋಡನೋಡುತ್ತಿದ್ದಂತೆ ರಸ್ತೆ ತುಂಬಿತು.

"ದಾರಿ ಬಿಡ್ರಿ! ರಾಸ್ತಾ ದೋ!" ಎಂದೆ.

"ರಾಸ್ತಾ ದೋ!" ಎಂದರು. ಮೊದಲ ಸಲ ಘೋಷಣೆ ಕೂಗುವವರು, ಆದರೂ ಎಷ್ಟು ಚೆನ್ನಾಗಿ ಕೂಗಿದರು!

ಕಟಾಂಜನದ ಆಚೆ ಮನೆಯಾಕೆ ಕಂಡಳು. ಡಬ್ಬಿ ಕೆಳಗಿಟ್ಟು, ಎರಡೂ ಕೈಗಳನ್ನು ಜೋರಾಗಿ ಬೀಸುತ್ತಿದ್ದಳು. ಮೂವತ್ತು ವರ್ಷ ಆದ ಮೇಲೆ ಆಕೆಯ ಬೆಂಬಲ ಸಿಕ್ಕಿತು.  ಆಕೆಗೆ ಮುಷ್ಟಿ ಎತ್ತಿ ತೋರಿಸಿದೆ. ಆಕೆ ಇನ್ನೂ ಜೋರಾಗಿ ಬೀಸಿದಳು. ನಾನು ಎರಡೂ ಮುಷ್ಟಿ ಎತ್ತಿದೆ.

ಅಷ್ಟರಲ್ಲಿ ಸಾಹೇಬರು ಏದುಸಿರು ಬಿಡುತ್ತ ಬಂದು ಮುಟ್ಟಿದರು. ಕೂತ ಜನರನ್ನು ನೋಡಿದರು, ನಡುವೆ ನನ್ನನ್ನು ನೋಡಿದರು. ಓಟ ನಡೆಸುವವರು ಗಾಬರಿಯಾಗಿ ಅತ್ತ ಇತ್ತ ಓಡಾಡುತ್ತ, ಇವರ ಜೊತೆ ಯಾರಾದರೂ ಮಾತಾಡಿ ಎಂದು ಕೂಗುತ್ತಿದ್ದರು. ಸಾಹೇಬರು ನಿಂತರು. ಮುಖ ಒರೆಸಿಕೊಂಡರು. ಕೈ ತಾನೇ ಕೊರಳಿಗೆ ಹೋಗಿ, ಇಲ್ಲದ ಟೈಯನ್ನು ಸರಿಮಾಡಿತು. ನಂತರ ನನ್ನ ಮುಂದೆ ಬಂದು ಕೇಳಿದರು:

"ಏನ್ರಿ ನಿಮ್ಮ ಬೇಡಿಕಿ?"

"ಬರ್ರಿ ಸಾಹೇಬರ. ಮೂರು ಅದಾವು."

"ಮೂರು ಆಗಂಗಿಲ್ಲ. ಒಂದು ಹೇಳ್ರಿ."

"ಒಂದೂ ಬಿಡಾಂಗಿಲ್ಲ. ಗೆರಿ ಮ್ಯಾಲಿನ ಕುರ್ಚಿ ತಗೀಬೇಕು. ಓಡಿದವರು ಮೊದಲ, ಶಾಲು ಆಮ್ಯಾಲೆ. ಮೂರನೇದು, ಇವತ್ತು ಹೊದಿಸಿದ ಶಾಲೆಲ್ಲಾ ಆ ಮಕ್ಕಳ ವಾರ್ಡಿಗೆ ಹೋಗಬೇಕು. ಥಂಡಿ ಐತಿ, ಹೊಚಗೊಳ್ಳಾಕ ಆಕ್ಕಾವು."

"ಮೊದಲನೇದು ಮಾತಾಡಬಹುದು. ಎರಡನೇದು ಪರಿಶೀಲನಾ ಮಾಡಬಹುದು. ಮೂರನೇದು ನನ್ನ ಅಧಿಕಾರಕ್ಕ ಮೀರಿದ್ದು."

"ನಿಮ್ಮ ಅಧಿಕಾರಕ್ಕ ಮೀರಲಾರದ ಬೇಡಿಕಿ ಒಂದಾದ್ರೂ ಇತ್ತೇನ್ರಿ ಮೂವತ್ತು ವರ್ಷದಾಗ?"

"ನೀವು ಭಾಳ ಹಟಮಾರಿ ಅದೀರಿ."

"ನೀವು ಭಾಳ ಕಳ್ಳ ಅದೀರಿ."

ಓಟ ನಡೆಸುವವರಲ್ಲಿ ಒಬ್ಬರು ಬಗ್ಗಿ, "ಕ್ಯಾ ಬೋಲ್ ರಹೇ ಹೈಂ?" ಎಂದು ಕೇಳಿದರು.

"ಏಕ್ ದೂಸರೇ ಕೀ ತಬಿಯತ್ ಪೂಛ್ ರಹೇ," ಎಂದರು ಸಾಹೇಬರು.

ಸಾಹೇಬರು ಕುರ್ಚಿಗಳ ಕಡೆಗೆ ಹೋದರು, ಬಂದರು, ಮತ್ತೆ ಹೋದರು. ಎರಡನೆಯ ಬೇಡಿಕೆಯಲ್ಲಿ ಒಂದು ಶಬ್ದ ಬದಲಿಸಿ ಎಂದರು, ನಾನು ಒಪ್ಪಲಿಲ್ಲ. ಹಾಗಾದರೆ ಮೂರನೆಯದು ಬಿಡಿ ಎಂದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಆ ಮುಖಂಡರೇ ಎದ್ದರು. ಕೆಟ್ಟ ಮನುಷ್ಯನಲ್ಲ. ತಮ್ಮ ಶಾಲನ್ನು ತಾವೇ ತೆಗೆದು, ಮಡಚಿ, ಪದಕಗಳ ಖಾಲಿ ರಟ್ಟಿನ ಡಬ್ಬಿಯಲ್ಲಿ ಇಟ್ಟರು. ಅವರು ಇಟ್ಟ ಮೇಲೆ ಉಳಿದವರು ಇಡದೆ ಇರುತ್ತಾರೆಯೇ? ಡಬ್ಬಿ ತುಂಬಿತು. ಕುರ್ಚಿಗಳು ಎದ್ದವು. ಮಕ್ಕಳ ವಾರ್ಡಿಗೆ ಶಾಲು ಹೋಗುತ್ತವೆ ಎಂದು ಮೈಕಿನಲ್ಲಿ ಸಾರಿದರು. ಹೋದವು ಕೂಡ. ಮರುದಿನ ನಾನೇ ಹೋಗಿ ನೋಡಿ ಬಂದಿದ್ದೇನೆ. ಇಂಥವರ ಮಾತನ್ನು ನೋಡದೆ ನಂಬಬಾರದು.

ಜನ ಎದ್ದು ಚಪ್ಪಾಳೆ ಹೊಡೆದರು. ಪ್ರತಿ ಒಪ್ಪಂದದ ನಂತರ ಮಾಡುತ್ತಿದ್ದ ಹಾಗೆ ನಾನೂ ಸಾಹೇಬರೂ ಕೈ ಕುಲುಕಿದೆವು. ಕ್ಯಾಮೆರಾದವರಿಗೆ ಮುಖ ಕೊಟ್ಟೆವು. ಆಮೇಲೆ ಇಬ್ಬರೂ ಗಂಭೀರವಾಗಿ, ಮಾತಾಡುತ್ತ, ನಡೆದುಕೊಂಡು ಗೆರೆ ದಾಟಿದೆವು.

"ನೋಡಿದೇನು?" ಎಂದೆ ಮನೆಯಾಕೆಗೆ. "ಗೆದ್ವಿ! ಮೂರಕ್ಕ ಮೂರೂ!"

ಆಕೆ ನನ್ನ ಗದ್ದ ಹಿಡಿದು ಮೇಲೆತ್ತಿ ಗಡಿಯಾರಕ್ಕೆ ತಿರುಗಿಸಿದಳು. ತಾಸು ಮುಗಿದು ಹಳತಾಗಿತ್ತು. ಸಾಹೇಬರೂ ತಲೆಯೆತ್ತಿ ನೋಡಿದರು. ನೋಡುತ್ತಲೇ ಫುಟ್‌ಪಾತಿನ ಅಂಚಿಗೆ ಕುಸಿದು ಕೂತರು.

"ನಾನೂ ನಿಂತನೆಲ್ರಿ!" ಜೇಬು ಕತ್ತರಿಸಿಕೊಂಡವರ ಧ್ವನಿ. "ನನ್ನ ಯಾಕ ನಿಲ್ಲಿಸಿದ್ರಿ?"

"ನಾ ಎಲ್ಲಿ ನಿಲ್ಲಿಸಿದೆ? ನೀವೇ ಬಂದು ಬೇಡಿಕಿ ಏನಂತ ಕೇಳಿದ್ರಿ."

ಮನೆಯಾಕೆ ಡಬ್ಬಿಯ ಮುಚ್ಚಳ ತೆಗೆಯುತ್ತ, "ಅಷ್ಟು ಕೈ ಬೀಸಿದ್ನೆಲ್ರಿ, ಬಾಜೂಕ ದಾರಿ ಐತಿ ಅಂತ," ಎಂದಳು.

ಅವಳು ತೋರಿಸಿದ ಕಡೆ ನೋಡಿದೆವು. ಕಮಾನಿನ ಎಡಕ್ಕೆ, ನೀರಿನ ಕ್ಯಾನುಗಳ ಪಕ್ಕದಲ್ಲಿ, ಒಂದು ಆಟೊ ಹೋಗುವಷ್ಟು ಜಾಗ ಖಾಲಿ ಇತ್ತು. ರಬ್ಬರ್ ಪಟ್ಟಿ ಅಲ್ಲಿಯವರೆಗೂ ಹಾಸಿತ್ತು.

"ನೀವು ಕೂಗಾಕತ್ತಾಗ ಒಬ್ಬಾಕಿ ಮುದುಕಿ ಸೀರಿ ಉಟಗೊಂಡು ಅಲ್ಲಿಂದ ದಾಟಿ ಬಂದು ಪದಕ ಹಾಕ್ಕೊಂಡು ಮನೀಗಿ ಹೋದಳ್ರಿ."

ನನಗೆ ಸಿಟ್ಟು ಬಂತು. "ಮುಂದಿನ ದಾರಿ ನಮ್ಮದು. ಅದು ಬಿಟ್ಟು ಬಾಜೂ ದಾರಿ ಯಾಕ ಹಿಡೀಬೇಕು? ಹೋರಾಟದಾಗ ಹಂಗ ಮಾಡಾಂಗಿಲ್ಲ."

"ಖರೇ ಐತಿ," ಎಂದರು ಸಾಹೇಬರು ಕೂತಲ್ಲಿಂದಲೇ. "ನಿಯಮದ ಪ್ರಕಾರ ಮುಖ್ಯ ದಾರೀಲಿಂದನ ಬರಬೇಕು."

ಮನೆಯಾಕೆ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವರನ್ನು ನೋಡಿದಳು. ಎರಡು ಲೋಟಕ್ಕೆ ಮಜ್ಜಿಗೆ ಸುರಿದಳು.

"ಆತು ಬಿಡ್ರಿ. ಬಾಜೂಲಿಂದ ಗೆರಿ ದಾಟಿ, ಆಮ್ಯಾಲೆ ಈ ಕಡೆ ಬಂದು ಕೂತಿದ್ರ ಧರಣಿ ಕೆಡತಿತ್ತೇನ್ರಿ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಆಡಳಿತ ವರ್ಗ, ಕಾರ್ಮಿಕ ವರ್ಗ ಎರಡೂ ಒಂದೇ ಸಲಕ್ಕೆ ಬಾಯಿ ಮುಚ್ಚಿಕೊಂಡು ಮಜ್ಜಿಗೆ ಕುಡಿದವು.